ಕೂಡಿದ ಮೂಳೆ, ಏಳದ ಕೈ

ಹೋದ ವರ್ಷ ಯುಗಾದಿ ಹಿಂದಿನ ದಿನ ಬೈಕಲ್ಲಿ ಊರಿಗೆ ಹೊರಟಿದ್ದೆ. ಆಫೀಸು ಮುಗಿಸಿ ಬೆಂಗಳೂರು ದಾಟೋ ಹೊತ್ತಿಗೆ ಕತ್ತಲಾಗಿತ್ತು. ಹೈವೇ ಬಿಟ್ಟು ನಮ್ಮೂರ ಕಡೆ ತಿರುಗಿದರೆ, ತಿಂಗಳ ಹಿಂದೆ ಇಲ್ಲದಿದ್ದ ಒಂದು ಹಂಪು ರಸ್ತೆಗೆ ಅಡ್ಡ ಹುಟ್ಟಿಕೊಂಡಿತ್ತು. ಬಿಳಿ ಪಟ್ಟೆ ಇಲ್ಲ, ಬೋರ್ಡು ಇಲ್ಲ. ಬೈಕು ಒಂದು ಕಡೆ, ನಾನೊಂದು ಕಡೆ. ಬೆನ್ನಿನ ಮೇಲೆ ಬಿದ್ದೆ. ಹೆಲ್ಮೆಟ್ ಇದ್ದಿದ್ದಕ್ಕೆ ಇವತ್ತು ಇದನ್ನ ಬರೀತಿದ್ದೀನಿ.

ಆಸ್ಪತ್ರೇಲಿ ನಾನು "ಭುಜ, ಭುಜ" ಅಂತ ಒದ್ದಾಡ್ತಿದ್ರೆ ಡಾಕ್ಟ್ರು ಭುಜ ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ್ರು. ಎದೆಗೆ ಸ್ಟೆತಸ್ಕೋಪ್ ಇಟ್ರು, ಪಕ್ಕೆಲುಬು ಒತ್ತಿದ್ರು, ಕಣ್ಣಿಗೆ ಟಾರ್ಚ್ ಬಿಟ್ರು. ನಂಗೆ ಸಿಟ್ಟೇ ಬಂತು. ಎಲ್ಲಾ ಆದ್ಮೇಲೆ ಸಿ.ಟಿ. ಸ್ಕ್ಯಾನ್ ಪರದೆ ಮೇಲೆ ತ್ರಿಕೋನದಂಥ ಒಂದು ಮೂಳೆ ತೋರಿಸಿದ್ರು. ಅದರ ಮಧ್ಯೆ ಓರೆಯಾಗಿ ಒಂದು ಬಿರುಕು.

"ಸ್ಕ್ಯಾಪುಲಾ. ಬೆನ್ನಿನ ಮೇಲ್ಗಡೆ ರೆಕ್ಕೆ ಥರ ಇರತ್ತಲ್ಲ, ಅದು. ಇದು ಮುರೀಬೇಕಾದ್ರೆ ಭಾರಿ ಪೆಟ್ಟೇ ಬೀಳಬೇಕು. ಅದಕ್ಕೇ ಮೊದಲು ಎದೆ, ಶ್ವಾಸಕೋಶ, ತಲೆ ನೋಡಿದ್ದು. ನಿಮ್ಮ ಅದೃಷ್ಟ, ಬೇರೇನೂ ಆಗಿಲ್ಲ" ಅಂದ್ರು. ಆಮೇಲೆ ಹೇಳಿದ ಮಾತೇ ನಂಗೆ ಅರಗಲಿಲ್ಲ. "ಆಪರೇಷನ್ ಬೇಡ, ಪ್ಲಾಸ್ಟರೂ ಬೇಡ. ಕತ್ತಿಗೆ ಸ್ಲಿಂಗ್ ಹಾಕ್ಕೊಳ್ಳಿ. ಎರಡು ವಾರ ಬಿಟ್ಟು ಬನ್ನಿ, ಕೈ ಆಡಿಸೋಕೆ ಶುರು ಮಾಡೋಣ."

ಅಮ್ಮ ನೋಡಕ್ಕೆ ಬಂದವಳು ಸ್ಲಿಂಗನ್ನೇ ತಿರುಗಿಸಿ ಮುರುಗಿಸಿ ನೋಡಿದ್ಲು. "ಮೂಳೆ ಮುರಿದೈತೆ ಅಂತಾರೆ, ಕಟ್ಟೇ ಹಾಕಿಲ್ವಲ್ಲೋ. ಇದೆಂಥ ಆಸ್ಪತ್ರೆ?"

ಅವಳ ಅನುಮಾನಕ್ಕೆ ಕಾರಣ ಇತ್ತು. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮ ತಾತ ಹುಣಸೆಹಣ್ಣು ಬಡಿಯೋಕೆ ಮರ ಹತ್ತಿ, ಕೊಂಬೆ ಮುರಿದು ಬಿದ್ದಿದ್ದ. ಅವನೂ ಬೆನ್ನ ಮೇಲೇ ಬಿದ್ದಿದ್ದು. ಪಕ್ಕದೂರಿನ ಮೂಳೆ ಕಟ್ಟೋರು ಬಂದು ಸೊಪ್ಪು ಅರೆದು, ಮೊಟ್ಟೆಯ ಬಿಳಿ ಕಲಸಿ ಮೆತ್ತಿ, ಬಿದಿರ ದಬ್ಬೆ ಇಟ್ಟು, ಬಲಗೈಯನ್ನ ಎದೆಗೆ ಸೇರಿಸಿ ಬಿಗಿಯಾಗಿ ಕಟ್ಟಿದ್ರು. "ಹುಡುಗ್ರಿಗಾದ್ರೆ ಒಂದು ತಿಂಗಳು. ವಯಸ್ಸಾದೋರಿಗೆ ಮೂರು ತಿಂಗಳು. ಅಲ್ಲೀವರ್ಗೂ ಕೈ ಅಲ್ಲಾಡಿಸಂಗಿಲ್ಲ" ಅಂದ್ರು. ತಾತ ಅಲ್ಲಾಡಿಸಲಿಲ್ಲ. ಹೇಳಿದ ಮಾತು ಕೇಳೋ ಮನುಷ್ಯ ಅವನು.

ಕಟ್ಟು ಬಿಚ್ಚಿದ ಮೇಲೆ ಕೈ ಎದೆಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಪೇಟೆಗೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ್ರು. "ಮೂಳೆ ಚೆನ್ನಾಗಿ ಕೂಡಿದೆ, ಏನೂ ತೊಂದ್ರೆ ಇಲ್ಲ" ಅಂದ್ರಂತೆ. ಆ ಒಂದು ಮಾತು ತಾತನಿಗೆ ಶಾಪ ಆಯ್ತು. ಮೂಳೆ ಕೂಡಿದೆ ಅಂದ್ಮೇಲೆ ಕೈ ಯಾಕೆ ಏಳಲ್ಲ? ಕೆಲಸ ತಪ್ಪಿಸ್ಕೊಳಕ್ಕೆ ನಾಟಕ, ಮೈಗಳ್ಳತನ. ಊರೋರು ಹಿಂದೆ ಅಂದ್ರು, ಮನೆಯೋರು ಎದುರಿಗೇ ಅಂದ್ರು. ಕೊಬ್ಬರಿ ಮೂಟೆ ಏರಿಸುವಾಗ ಅಪ್ಪ ಒಂದಿನ ಅಂಗಳದಲ್ಲೇ ಕೂಗಾಡಿದ್ದು ನಂಗಿನ್ನೂ ಕಿವಿಯಲ್ಲಿದೆ. ತಾತ ತಿರುಗಿ ಒಂದು ಮಾತೂ ಆಡಲಿಲ್ಲ. ಆ ಎಕ್ಸ್‌ರೇ ಹಾಳೆ ಇಟ್ಕೊಂಡು ನಾವು ಹುಡುಗರು 1995ರ ಅಕ್ಟೋಬರಿನ ಸೂರ್ಯಗ್ರಹಣ ನೋಡಿದ್ವಿ. ಹಾಗೆ ನೋಡೋದು ಕಣ್ಣಿಗೆ ಅಪಾಯ ಅಂತ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು.

ಎಡಗೈಯಲ್ಲಿ ಲ್ಯಾಪ್‌ಟಾಪ್ ಕುಟ್ಟುತ್ತಾ ಮೂರು ವಾರ ಮನೇಲಿ ಕೂತಿದ್ದಾಗ ನಂಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಉತ್ತರ. ತಾತನ ಮೂಳೆಗೆ ಅಷ್ಟು ಭದ್ರವಾಗಿ ಕಟ್ಟು ಹಾಕಿದ್ರು, ಕೈ ಹೋಯ್ತು. ನಂಗೆ ಕಟ್ಟೇ ಹಾಕಿಲ್ಲ. ಯಾರು ಸರಿ?

ಮೊದಲು ಮೂಳೆ ಎಂಥದ್ದು ನೋಡಿ. ಬೆನ್ನಿನ ಮೇಲ್ಭಾಗದಲ್ಲಿ, ಎರಡನೇ ಪಕ್ಕೆಲುಬಿನಿಂದ ಏಳನೇದರ ತನಕ ಚಪ್ಪಟೆಯಾಗಿ ಕೂತಿರತ್ತೆ. ಆದ್ರೆ ಪಕ್ಕೆಲುಬಿಗೂ ಇದಕ್ಕೂ ಮೂಳೆಯ ಕೀಲಿಲ್ಲ. ಅಸ್ಥಿಪಂಜರಕ್ಕೆ ಇದು ತಗಲಿಕೊಂಡಿರೋದು ಹೆಗಲ ತುದೀಲಿ, ಕತ್ತುಪಟ್ಟಿ ಮೂಳೆಯ ಒಂದೇ ಒಂದು ಕೊಂಡಿಯಿಂದ. ಮಿಕ್ಕಿದ್ದೆಲ್ಲ ಸ್ನಾಯುಗಳ ಕೆಲಸ. ಹದಿನೇಳು ಸ್ನಾಯುಗಳು ಈ ಒಂದು ಮೂಳೆಗೆ ಅಂಟಿಕೊಂಡಿವೆ. ಮಧ್ಯಭಾಗ ಎಷ್ಟು ತೆಳು ಅಂದ್ರೆ, ಒಣಗಿದ ಮೂಳೆಯನ್ನ ಬೆಳಕಿಗೆ ಹಿಡಿದ್ರೆ ಬೆಳಕು ಹಾಯತ್ತೆ. ಅಷ್ಟು ತೆಳು ಇದ್ರೂ, ಹಿಂದೆ ಮುಂದೆ ಮಾಂಸದ ಮೆತ್ತೆ ಇರೋದ್ರಿಂದ ಸುಲಭಕ್ಕೆ ಮುರಿಯಲ್ಲ. ಮುರಿಯೋ ಮೂಳೆಗಳ ಲೆಕ್ಕದಲ್ಲಿ ಇದರ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಮುರಿದ್ರೂ ಅದೇ ಮೆತ್ತೆ ರಕ್ತ ಒದಗಿಸಿ, ತುಂಡುಗಳನ್ನ ಜಾಗದಲ್ಲಿ ಹಿಡಿದು ಕೂಡಿಸತ್ತೆ. ದೇಹ ತಾನೇ ಕಟ್ಟು ಹಾಕಿಟ್ಟಿದೆ ಅನ್ನಿ.

ಇನ್ನೊಂದು ವಿಷಯ. ಕೈಯನ್ನ ಪೂರ್ತಿ ಮೇಲೆತ್ತಿದ್ರೆ 180 ಡಿಗ್ರಿ. ಇದರಲ್ಲಿ ಸುಮಾರು 120 ಭುಜದ ಗುಂಡು ಕೀಲಿಂದ, 60 ಈ ರೆಕ್ಕೆ ಮೂಳೆ ಪಕ್ಕೆಲುಬಿನ ಮೇಲೆ ಜಾರೋದ್ರಿಂದ. ಅಮೆರಿಕದ ಇನ್‌ಮನ್ ಮತ್ತು ಸಂಗಡಿಗರು 1944ರಲ್ಲಿ ಅಳೆದು ತೋರಿಸಿದ ಲೆಕ್ಕ ಇದು. ರೆಕ್ಕೆ ಜಾರದೇ ಇದ್ರೆ, ಗುಂಡು ಕೀಲೂ ಬಿಗಿದುಕೊಂಡ್ರೆ, ಮೂಳೆ ಎಷ್ಟೇ ಚೆನ್ನಾಗಿ ಕೂಡಿದ್ರೂ ಕೈ ಏಳಲ್ಲ.

ಈ ಮೂಳೆಯ ಬಿರುಕನ್ನ ಓದೋ ಕಸುಬು ಮೂರು ಸಾವಿರ ವರ್ಷಕ್ಕೂ ಹಳೇದು ಅಂತ ಗೊತ್ತಾದಾಗ ನಂಗೆ ನಗು ಬಂತು. ಮನುಷ್ಯನ ಮೂಳೆ ಅಲ್ಲ, ದನದ್ದು. ಚೀನಾದ ಶಾಂಗ್ ರಾಜರು ಎತ್ತಿನ ಹೆಗಲ ಹಿಂದಿನ ಈ ಅಗಲ ಮೂಳೆಗೆ ಕುಳಿ ತೋಡಿ, ಕಾಸಿದ ಕೊಳ್ಳಿ ಇಟ್ಟು, ಸಿಡಿದ ಬಿರುಕು ನೋಡಿ ಭವಿಷ್ಯ ಹೇಳಿಸ್ತಿದ್ರು. ಆಮೆ ಚಿಪ್ಪನ್ನೂ ಬಳಸ್ತಿದ್ರು. ಮಳೆ ಬರತ್ತಾ, ಯುದ್ಧ ಗೆಲ್ತೀವಾ, ರಾಜನ ಹಲ್ಲುನೋವು ಹೋಗತ್ತಾ, ರಾಣಿಗೆ ಹೆರಿಗೆ ಸುಸೂತ್ರ ಆಗತ್ತಾ? ಪ್ರಶ್ನೆಯನ್ನ ಮೂಳೆ ಮೇಲೇ ಕೆತ್ತುತ್ತಿದ್ರು. ಕಾಲಾನಂತರ ಜನ ಅವನ್ನ ಡ್ರ್ಯಾಗನ್ ಮೂಳೆ ಅಂತ ಪುಡಿಮಾಡಿ ಔಷಧಿಗೆ ತಿಂದ್ರು. 1899ರಲ್ಲಿ ವಾಂಗ್ ಯಿರೋಂಗ್ ಎಂಬ ವಿದ್ವಾಂಸ ಅದರ ಮೇಲಿರೋದು ಅಕ್ಷರ ಅಂತ ಗುರುತಿಸಿದ. ಚೀನೀ ಲಿಪಿಯ ಅತಿ ಹಳೆಯ ದಾಖಲೆಗಳು ಸಿಕ್ಕಿದ್ದು ಹೀಗೆ. ಪರದೆ ಮೇಲೆ ನನ್ನ ಬಿರುಕು ನೋಡಿದಾಗ ನಾನು ಕೇಳಿದ್ದೂ ಆ ರಾಜರ ಪ್ರಶ್ನೆಯನ್ನೇ. ಮುಂದೇನಾಗತ್ತೆ?

ಮುಂದೇನು ಮಾಡಬೇಕು ಅಂತ ಕೇಳಿದವರು ವೈದ್ಯರು. ನಮ್ಮ ಸುಶ್ರುತ ಸಂಹಿತೆಯಲ್ಲಿ ಮುರಿತಕ್ಕೆ ಅಂತಲೇ ಎರಡು ಅಧ್ಯಾಯ ಇವೆ, ನಿದಾನಸ್ಥಾನದಲ್ಲೊಂದು, ಚಿಕಿತ್ಸಾಸ್ಥಾನದಲ್ಲೊಂದು. ಮೂಳೆಗಳನ್ನ ಐದು ಜಾತಿ ಮಾಡಿ, ಒಂದೊಂದು ಜಾತಿ ಒಂದೊಂದು ರೀತಿ ಮುರಿಯತ್ತೆ ಅಂತ ಹೇಳತ್ತೆ. ಎಳೆ ಮೂಳೆ ಬಾಗತ್ತೆ, ಕೊಳವೆ ಮೂಳೆ ತುಂಡಾಗತ್ತೆ, ಚಪ್ಪಟೆ ಮೂಳೆ ಬಿರುಕು ಬಿಡತ್ತೆ. ಹೆಗಲ ಮೂಳೆ ಚಪ್ಪಟೆ ಜಾತಿಗೆ ಸೇರಿದ್ದು. ಸಿ.ಟಿ. ಪರದೆ ಮೇಲೆ ನಾನು ಕಂಡದ್ದೂ ಅದನ್ನೇ. ಇದೇ ಗ್ರಂಥ ಅಂಸಫಲಕ, ಅಂದ್ರೆ ಹೆಗಲ ಹಲಗೆ, ಅನ್ನೋ ಜಾಗವನ್ನ ಮರ್ಮಸ್ಥಾನಗಳಲ್ಲಿ ಸೇರಿಸಿ, ಅಲ್ಲಿ ಪೆಟ್ಟು ಬಿದ್ರೆ ತೋಳು ಜೋಮು ಹಿಡಿಯತ್ತೆ ಅಥವಾ ಒಣಗತ್ತೆ ಅನ್ನತ್ತೆ. ಅದನ್ನ ಓದಿದಾಗ ಕೊನೇ ವರ್ಷಗಳಲ್ಲಿ ಕಡ್ಡಿಯಾಗಿದ್ದ ತಾತನ ಬಲತೋಳು ಕಣ್ಣಮುಂದೆ ಬಂತು.

ಕಟ್ಟಿನ ವಿಷಯಕ್ಕೆ ಬಂದ್ರೆ, ಅತ್ತಿ, ಅರಳಿ, ಮುತ್ತುಗದ ತೊಗಟೆ, ಬಿದಿರ ದಬ್ಬೆ ಎಲ್ಲ ಅಲ್ಲಿವೆ. ಚಳಿಗಾಲದಲ್ಲಿ ಏಳು ದಿನಕ್ಕೆ, ಹದವಾದ ಕಾಲದಲ್ಲಿ ಐದು ದಿನಕ್ಕೆ, ಬೇಸಿಗೇಲಿ ಮೂರು ದಿನಕ್ಕೆ ಕಟ್ಟು ಬಿಚ್ಚಿ ಹೊಸದಾಗಿ ಕಟ್ಟಬೇಕು. ಸಡಿಲ ಆದ್ರೆ ಮೂಳೆ ನಿಲ್ಲಲ್ಲ, ಬಿಗಿ ಆದ್ರೆ ಊದಿಕೊಂಡು ಕೀವಾಗತ್ತೆ, ಹದವಾಗಿರಲಿ. ಕೂಡೋಕೆ ಎಳೆ ವಯಸ್ಸಲ್ಲಿ ಒಂದು ತಿಂಗಳು, ನಡುವಯಸ್ಸಲ್ಲಿ ಎರಡು, ಮುಪ್ಪಲ್ಲಿ ಮೂರು. ನಮ್ಮ ಪಕ್ಕದೂರಿನವರು ತಾತನಿಗೆ ಹೇಳಿದ ಲೆಕ್ಕ ಇದೇ! ಅವರು ಸಂಸ್ಕೃತ ಓದಿದವರಲ್ಲ. ಬಾಯಿಂದ ಬಾಯಿಗೆ ಆ ಸಂಖ್ಯೆ ಹುಣಸೆ ಮರದ ಬುಡದವರೆಗೂ ನಡೆದು ಬಂದಿತ್ತು.

ಆದ್ರೆ ದಾರೀಲಿ ಒಂದು ಮುಖ್ಯವಾದ ಮಾತು ಬಿದ್ದುಹೋಗಿತ್ತು. ಅದೇ ಚಿಕಿತ್ಸೆಯ ಅಧ್ಯಾಯದಲ್ಲಿ, ಪೆಟ್ಟಾದ ಕೈ ಗುಣವಾಗ್ತಾ ಬಂದಾಗ ಮೊದಲು ಮೆತ್ತನೆ ಮುದ್ದೆ ಹಿಡಿಸಬೇಕು, ಬಲ ಬರ್ತಾ ಬರ್ತಾ ಗಟ್ಟಿ ವಸ್ತು, ಕೊನೆಗೆ ಕಲ್ಲು ಹಿಡಿಸಬೇಕು ಅಂತಿದೆ. ನಮ್ಮ ಫಿಸಿಯೋ ಮೇಡಂ ಮೊದಲ ವಾರ ನನ್ನ ಕೈಗೆ ಕೊಟ್ಟಿದ್ದು ಮೆತ್ತನೆ ಸ್ಪಂಜಿನ ಚೆಂಡು. ಮೂರು ತಿಂಗಳಾದ್ಮೇಲೆ ಕೊಟ್ಟಿದ್ದು ಒಂದು ಕೆ.ಜಿ. ಡಂಬೆಲ್. ಕಟ್ಟೋ ವಿದ್ಯೆ ಊರಿಗೆ ತಲುಪಿತು, ಆಡಿಸೋ ವಿದ್ಯೆ ತಲುಪಲಿಲ್ಲ.

ಇದು ನಮ್ಮ ಕಡೆ ಮಾತ್ರ ಆದ ಕಥೆ ಅಲ್ಲ. ರೋಮ್ ಕಾಲದ ದೊಡ್ಡ ವೈದ್ಯ ಗ್ಯಾಲೆನ್ ಸ್ವತಃ ನನ್ನ ವಯಸ್ಸಲ್ಲಿ, ಮೂವತ್ತೈದರ ಸುಮಾರಿಗೆ, ಕುಸ್ತಿ ಕಣದಲ್ಲಿ ಹೆಗಲ ತುದಿಯ ಆ ಒಂದೇ ಕೊಂಡಿ ತಪ್ಪಿಸಿಕೊಂಡ. ನಲವತ್ತು ದಿನ ಬಿಗಿಯಾದ ಪಟ್ಟಿ ಸಹಿಸಿಕೊಂಡು ಗುಣ ಆದೆ ಅಂತ ಬರೆದಿಟ್ಟಿದ್ದಾನೆ. ಅವನ ಮಾತು ಯುರೋಪಿನಲ್ಲಿ ಸಾವಿರ ವರ್ಷಕ್ಕೂ ಮೀರಿ ನಡೀತು. 1543ರಲ್ಲಿ ವೆಸೇಲಿಯಸ್ ತನ್ನ ಅಂಗರಚನೆಯ ಪುಸ್ತಕದಲ್ಲಿ ಈ ಮೂಳೆಯನ್ನ ಸ್ಕ್ಯಾಪುಲಾ ಅಂತ ಕರೆದ, ಆ ಹೆಸರೇ ನಿಂತಿತು. 18ನೇ ಶತಮಾನದ ಫ್ರೆಂಚ್ ಸರ್ಜನ್ನರಾದ ಪೆಟಿ, ಡ್ಯುವೆರ್ನೆ, ಡೆಸೊ ಇದು ಮುರಿಯೋ ಬಗೆಗಳನ್ನ ಗಮನಿಸಿ ಬರೆದರು. ಇದೊಂದರ ಮುರಿತದ ಬಗ್ಗೆಯೇ ಬಂದ ಮೊದಲ ಪ್ರಬಂಧ ಫೋಗ್ಟ್ ಎಂಬ ಜರ್ಮನ್ನನದು, 1799ರಲ್ಲಿ. ತೋಳನ್ನ ಎದೆಗೆ ಸುತ್ತಿ ಕಟ್ಟೋ ಒಂದು ಪಟ್ಟಿಗೆ ಇವತ್ತಿಗೂ ಡೆಸೊ ಹೆಸರಿದೆ. ನಮ್ಮ ತಾತನಿಗೆ ಕಟ್ಟಿದ್ದೂ ಹೆಚ್ಚುಕಮ್ಮಿ ಅದನ್ನೇ.

ಅವರೆಲ್ಲರ ಕಷ್ಟ ಏನಂದ್ರೆ ಮುರಿದದ್ದು ಕಣ್ಣಿಗೆ ಕಾಣ್ತಿರಲಿಲ್ಲ. ಮಾಂಸದ ಮೇಲಿಂದ ಒತ್ತಿ ಊಹೆ ಮಾಡಬೇಕಿತ್ತು. ಆಗ ಬಂತು ನೋಡಿ 1895. ಆ ವರ್ಷದ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣ ಕಂಡುಹಿಡಿದ. ಮೂಳೆ ಕಾಣತೊಡಗಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಲ್ಯೂಕಾ-ಷಾಂಪಿಯೊನಿಯೆರ್ ಎಂಬ ಸರ್ಜನ್, ಮುರಿತಕ್ಕೆ ಮಾಲೀಸು ಮತ್ತು ಚಲನೆಯೇ ಮದ್ದು ಅಂತ ಒಂದು ಪುಸ್ತಕ ತಂದ. ಮೂಳೆ ಒಂದೇ ನೋಡಬೇಡಿ, ಸುತ್ತಲಿನ ಸ್ನಾಯು ಮತ್ತು ಕೀಲು ಸತ್ತರೆ ಮೂಳೆ ಕೂಡಿ ಏನು ಬಂತು ಅನ್ನೋದು ಅವನ ವಾದ.

ಅದಕ್ಕೆ ತದ್ವಿರುದ್ಧ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್. ಅವನದು ತಲೆತಲಾಂತರದಿಂದ ಮೂಳೆ ಕಟ್ಟೋ ಮನೆತನ. ಅಪ್ಪ ಇವಾನ್ ಥಾಮಸ್ ಲೈಸೆನ್ಸ್ ಇಲ್ಲದ ನಾಟಿ ವೈದ್ಯ. ಡಾಕ್ಟರುಗಳು ಕೋರ್ಟಿಗೆ ಎಳೆದೂ ಎಳೆದೂ ಬೇಸತ್ತು ತನ್ನ ಐದೂ ಗಂಡುಮಕ್ಕಳನ್ನ ಮೆಡಿಕಲ್ ಓದಿಸಿದ. ಹ್ಯೂ ಥಾಮಸ್‌ನ ನಂಬಿಕೆ ಒಂದೇ: ವಿಶ್ರಾಂತಿ, ಬಿಡುವಿಲ್ಲದ, ದೀರ್ಘವಾದ ವಿಶ್ರಾಂತಿ. ಅವನು ಮಾಡಿದ ಕಾಲಿನ ಸ್ಪ್ಲಿಂಟು ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು. ಹಾಗಾಗಿ ಅವನು ತಪ್ಪು ಅನ್ನೋ ಹಾಗಿಲ್ಲ. ತೊಡೆಮೂಳೆಗೆ ಅವನು ಸರಿ. ತೊಡೆಯ ಬುದ್ಧಿಯನ್ನ ಹೆಗಲಿಗೆ ಹಚ್ಚಿದರೆ ಮಾತ್ರ ಕೆಡತ್ತೆ. ತೊಡೆಮೂಳೆಗೆ ಮೇಲೂ ಕೆಳಗೂ ಹಿಡಿಯೋಕೆ ಜಾಗ ಇದೆ. ಉಸಿರಾಡಿದಾಗೆಲ್ಲ ಏರಿಳಿಯೋ ಎದೆಗೂಡಿನ ಮೇಲೆ ಕೂತಿರೋ ಈ ತ್ರಿಕೋನವನ್ನ ಯಾವ ದಬ್ಬೆ ಹಿಡಿದೀತು?

ಭುಜದ ಬಗ್ಗೆ ಹಠ ಹಿಡಿದು ಕೂತವನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. 1934ರಲ್ಲಿ ಭುಜದ ಮೇಲೇ ಒಂದು ದೊಡ್ಡ ಪುಸ್ತಕ ತಂದ. ಸೊಂಟ ಬಗ್ಗಿಸಿ, ಕೈ ಇಳಿಬಿಟ್ಟು, ಗಡಿಯಾರದ ಲೋಲಕದ ಹಾಗೆ ತೂಗಾಡಿಸೋ ವ್ಯಾಯಾಮ ಇವತ್ತೂ ಅವನ ಹೆಸರಲ್ಲೇ ಇದೆ. ಬಗ್ಗಿದಾಗ ಕೈಯ ಭಾರ ತಾನೇ ಕೀಲನ್ನ ಬಿಡಿಸತ್ತೆ, ಸ್ನಾಯು ಎಳೀಬೇಕಿಲ್ಲ, ನೋವು ಕಮ್ಮಿ.

ಆದ್ರೆ ನಂಗೆ ಕಾಡ್‌ಮನ್ ಇಷ್ಟ ಆಗಿದ್ದು ಇನ್ನೊಂದಕ್ಕೆ. ಆಸ್ಪತ್ರೆಯಿಂದ ಹೋದ ಪ್ರತಿ ರೋಗಿಯನ್ನೂ ಒಂದು ವರ್ಷ ಆದ್ಮೇಲೆ ಮತ್ತೆ ಕರೆಸಿ, ನಿಜವಾಗ್ಲೂ ಗುಣ ಆಯ್ತಾ, ಆಗಲಿಲ್ಲ ಅಂದ್ರೆ ಯಾಕೆ, ಅಂತ ಕಾರ್ಡಿನಲ್ಲಿ ಬರೀಬೇಕು ಅಂತ ಅವನು ಹಟ ಹಿಡಿದ. ನಮ್ಮ ಆಫೀಸಲ್ಲಿ ಬಗ್ ಕ್ಲೋಸ್ ಮಾಡಿದ್ಮೇಲೆ ಬಳಸೋರನ್ನ ಕೇಳಬೇಕು ಅಂತೀವಲ್ಲ, ಹಾಗೆ. ದೊಡ್ಡ ಡಾಕ್ಟರುಗಳಿಗೆ ಇದು ಹಿಡಿಸಲಿಲ್ಲ. 1915ರಲ್ಲಿ ತುಂಬಿದ ಸಭೆಯಲ್ಲಿ ಅವರನ್ನ ಗೇಲಿ ಮಾಡೋ ವ್ಯಂಗ್ಯಚಿತ್ರ ತೋರಿಸಿ ಹಾರ್ವರ್ಡಿನ ಹುದ್ದೆ ಕಳ್ಕೊಂಡ. ತನ್ನದೇ ಸಣ್ಣ ಆಸ್ಪತ್ರೆಯ ಲೆಕ್ಕ ಮಾತ್ರ ಅಚ್ಚು ಹಾಕಿಸಿದ: 1911ರಿಂದ 1916ರವರೆಗೆ 337 ರೋಗಿಗಳು, 123 ತಪ್ಪುಗಳು. ತನ್ನ ತಪ್ಪನ್ನ ತಾನೇ ಎಣಿಸಿ ಊರಿಗೆ ಹಂಚಿದ ಮನುಷ್ಯ. 1940ರಲ್ಲಿ ಸತ್ತಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 2014ರಲ್ಲಿ ನೆಟ್ಟರು. ತಾತನ ಎಕ್ಸ್‌ರೇ ನೋಡಿ "ಮೂಳೆ ಕೂಡಿದೆ" ಅಂದವರ ಹತ್ತಿರ ಕಾಡ್‌ಮನ್ನನ ಕಾರ್ಡೊಂದಿದ್ದಿದ್ರೆ, "ಕೈ ಏಳತ್ತಾ?" ಅನ್ನೋ ಎರಡನೇ ಪ್ರಶ್ನೆ ಕೇಳಲೇಬೇಕಾಗ್ತಿತ್ತು.

ಇಷ್ಟು ಹೇಳಿದ್ಮೇಲೆ ಆಪರೇಷನ್ ದಂಡ ಅಂತ ತಿಳ್ಕೋಬೇಡಿ. ಬೆಲ್ಜಿಯಂನ ಲ್ಯಾಂಬೊಟ್ 20ನೇ ಶತಮಾನದ ಆರಂಭದಲ್ಲೇ ಈ ಮೂಳೆಗೆ ಪ್ಲೇಟು ಕೂರಿಸಿದ್ದ. ಫ್ರಾನ್ಸಿನ ರಾಬರ್ಟ್ ಜುಡೆ 1964ರಲ್ಲಿ ಬೆನ್ನ ಕಡೆಯಿಂದ ಇದನ್ನ ತಲುಪೋ ದಾರಿ ಬರೆದಿಟ್ಟ. ಗುಂಡು ಕೀಲು ಕೂರೋ ಬಟ್ಟಲೇ ಒಡೆದಿದ್ರೆ, ತುಂಡುಗಳು ತುಂಬ ಸರಿದಿದ್ರೆ, ಇವತ್ತೂ ಆಪರೇಷನ್ ಬೇಕಾಗಬಹುದು. ಅದನ್ನ ನಿಮ್ಮ ಡಾಕ್ಟ್ರೇ ಹೇಳಬೇಕು. ನನ್ನಂಥ ನಡುಭಾಗದ ಬಿರುಕುಗಳಿಗೆ ಮಾತ್ರ ಬಹುಪಾಲು ಸ್ಲಿಂಗ್ ಸಾಕು.

ನನ್ನ ಲೆಕ್ಕ ಹೀಗಿತ್ತು. ಮೊದಲ ಎರಡು ವಾರ ಮಲಗೋದೇ ದೊಡ್ಡ ಕಷ್ಟ. ದಿಂಬು ಒಟ್ಟಿಕೊಂಡು ಅರ್ಧ ಕೂತೇ ನಿದ್ದೆ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದ್ಲೇ ಆಡಿಸ್ತಿದ್ದೆ. ಮೂರನೇ ವಾರ ಕಾಡ್‌ಮನ್ನನ ಲೋಲಕ. ಆಮೇಲೆ ಗೋಡೆಗೆ ಬೆರಳಿಟ್ಟು ಇರುವೆ ಥರ ಮೇಲೆ ಹತ್ತಿಸೋದು. ಎಲ್ಲಿಗೆ ತಲುಪ್ತೋ ಅಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಕೆಲವು ವಾರ ಗೆರೆ ಒಂದು ಬೆರಳಗಲ ಏರಿತು, ಕೆಲವು ವಾರ ಏನೂ ಏರಲಿಲ್ಲ. ಒಂದಿನ ನೋವಿಗೆ ಅತ್ತಿದ್ದೂ ಇದೆ. ಅವತ್ತು ನಂಗೆ ಅರ್ಥ ಆಗಿದ್ದು ಇಷ್ಟು: ಹೇಳಿಕೊಡೋರು ಪಕ್ಕದಲ್ಲಿದ್ದೂ ಇಷ್ಟು ಕಷ್ಟ. ಹೇಳಿಕೊಡೋರೇ ಇಲ್ಲದೆ, ಮೈಗಳ್ಳ ಅನ್ನಿಸ್ಕೊಂಡು, ಮೂರು ತಿಂಗಳು ಕಟ್ಟಿಟ್ಟ ಕೈಯನ್ನ ಒಬ್ಬ ಮುದುಕ ಹೇಗೆ ಎಬ್ಬಿಸ್ಯಾನು?

ಆರನೇ ವಾರದ ತಪಾಸಣೆಗೆ ಹೋಗುವಾಗ ಅಪ್ಪ ಊರಿಂದ ಬಂದಿದ್ದ. ನಾನು ಕೇಳ್ಕೊಂಡಿದ್ದಕ್ಕೆ ಅಟ್ಟದ ಮೇಲಿಂದ ತಾತನ ಎಕ್ಸ್‌ರೇ ಹುಡುಕಿ ತಂದಿದ್ದ. ಗೀಚು ಬಿದ್ದಿತ್ತು, ಮೂಲೆ ಇಲಿ ತಿಂದಿತ್ತು. ಡಾಕ್ಟ್ರು ನನ್ನದನ್ನ ನೋಡಿ ಮುಗಿಸಿ, ಅದನ್ನೂ ಬೆಳಕಿಗೆ ಹಿಡಿದ್ರು.

"ಚೆನ್ನಾಗೇ ಕೂಡಿದೆಯಲ್ಲ. ನಿಮಗೆ ಮುರಿದ ಜಾಗಕ್ಕೆ ಹತ್ತಿರದಲ್ಲೇ ಇದೆ."

"ಕೈ ಏಳ್ತಿರಲಿಲ್ಲ ಸಾರ್" ಅಂದ ಅಪ್ಪ.

"ಎಷ್ಟು ದಿನ ಕಟ್ಟಿದ್ರು?"

"ಮೂರು ತಿಂಗಳು."

"ಅದಕ್ಕೇ. ಕೀಲು ಬಿಗಿದುಕೊಂಡಿದೆ. ಮೂಳೆ ಕೂಡೋಕೆ ಕಟ್ಟು ಬೇಕೇ ಇರಲಿಲ್ಲ" ಅಂದು ಹಾಳೆ ವಾಪಸ್ ಕೊಟ್ರು. ಅಪ್ಪ ಅದನ್ನ ಸುತ್ತಿ ಕಂಕುಳಲ್ಲಿ ಇಟ್ಕೊಂಡ. ಬಸ್ ಸ್ಟ್ಯಾಂಡ್ ತನಕ ಮಾತಾಡಲಿಲ್ಲ.

ಮೂಳೆ ಕಟ್ಟೋರನ್ನ ನಾನು ಬೈಯಲ್ಲ. ಡಾಕ್ಟ್ರು ಇಲ್ಲದ ಊರುಗಳಲ್ಲಿ ಎಷ್ಟೋ ಕೈಕಾಲು ನೆಟ್ಟಗೆ ಕೂರಿಸಿದವರು ಅವರು. ಆದ್ರೆ ನಿಮ್ಮ ಮನೇಲಿ ಯಾರಿಗಾದ್ರೂ ಹೆಗಲಿಗೆ ಪೆಟ್ಟಾದ್ರೆ, ಯಾರ ಹತ್ತಿರ ಹೋದ್ರೂ ಎರಡು ಪ್ರಶ್ನೆ ಕೇಳಿ. ಎಷ್ಟು ದಿನ ಆಡಿಸಬಾರದು? ಯಾವತ್ತಿಂದ ಆಡಿಸಬೇಕು? ಎರಡನೇದು ಕೇಳೋದು ಮರೀಬೇಡಿ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಕೈ ಈಗ ಪೂರ್ತಿ ಏಳತ್ತೆ. ನಮ್ಮ ನಡುಮನೆ ಗೋಡೇಲಿ ಸಾಲಾಗಿ ಗೂಟಗಳಿವೆ, ಎಲ್ಲಾ ತಲೆಗಿಂತ ಮೇಲೆ. ಬಾಗಿಲ ಪಕ್ಕದ್ದೊಂದು ಮಾತ್ರ ಎದೆಮಟ್ಟದಲ್ಲಿದೆ. ನಮ್ಮ ಸ್ಕೂಲ್ ಬ್ಯಾಗಿಗೆ ಅಂತ ಹೊಡೆದಿದ್ದು ಅಂತಲೇ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ. ಅಪ್ಪನ್ನ ಕೇಳಿದೆ.

"ಅದಾ? ನಿಮ್ಮ ತಾತ ಹೊಡ್ಕೊಂಡಿದ್ದು. ಅಂಗಿ ನೇತಾಕಕ್ಕೆ" ಅಂದ. ಸ್ವಲ್ಪ ಹೊತ್ತು ಗೂಟಾನೇ ನೋಡ್ತಿದ್ದು, "ನಾಟಕ ಆಡೋನು ಅಂಗಿ ಗೂಟ ಯಾಕೋ ಇಳಿಸ್ಕೊತಾನೆ? ದಿನಾ ಕಣ್ಣೆದುರಿಗೇ ಇತ್ತು, ನಂಗೆ ಹೊಳೀಲೇ ಇಲ್ಲ" ಅಂದ.